ಆಳು ಬದಲಾದ್ರೆ ಬ್ಯಾಂಡ್ ಮುಗೀತಾ?

"ಮೂಲ ಸದಸ್ಯರು ಹೋದ್ಮೇಲೂ ಬ್ಯಾಂಡಿಗೆ ಅಂಟ್ಕೊಂಡಿರೋರು ಬರೀ ಹಳೇ ನೆನಪಿಗೆ ಜೋತುಬಿದ್ದೋರು" ಅಂತ ಬರ್ದಿದೀರಲ್ಲ ಸಾರ್, ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ವಿಷ್ಯದಲ್ಲಂತೂ ಈ ಮಾತು ನಿಲ್ಲಲ್ಲ. 1975ರಿಂದ ಇವತ್ತಿನ ತನಕ ಉಳಿದಿರೋದು ಬೇಸ್ ನುಡಿಸೋ ಸ್ಟೀವ್ ಹ್ಯಾರಿಸ್ ಒಬ್ರೇ, ನಾವು ತಲೆ ಮೇಲೆ ಹೊತ್ಕೊಂಡು ಮೆರೆಸೋ ಹಾಡುಗಾರ ಬ್ರೂಸ್ ಡಿಕಿನ್ಸನ್ನೇ ಬಂದಿದ್ದು 1981ರಲ್ಲಿ. ಅವ್ರು 1993ರಲ್ಲಿ ಬಿಟ್ಟು ಹೋದಾಗ ನಾನೂ ಮುನಿಸ್ಕೊಂಡು, ಅವ್ರ ಜಾಗಕ್ಕೆ ಬಂದ ಬ್ಲೇಜ್ ಬೇಲಿ ಹಾಡಿದ ಕ್ಯಾಸೆಟ್ಟನ್ನ ಒಂದೇ ಸಲ ಕೇಳಿ ಬೀರು ಮೇಲೆ ಎಸ್ದಿದ್ದೆ, ಆಮೇಲೆ ಅದೇ ಕ್ಯಾಸೆಟ್ ರೀಲು ಸಿಕ್ಕಾಕ್ಕೊಂಡಾಗೆಲ್ಲ ಪೆನ್ಸಿಲ್ ತೂರ್ಸಿ ಸುತ್ತಿ ಸುತ್ತಿ ಕೇಳೋ ಹಂಗಾಯ್ತು, ಇರ್ಲಿ ಬಿಡಿ. 2007 ಮಾರ್ಚ್ 17, ಬೆಂಗಳೂರು ಪ್ಯಾಲೇಸ್ ಗ್ರೌಂಡ್ಸಲ್ಲಿ ಮೇಡನ್ ಶೋ: ನಾನು ದಾವಣಗೆರೆಯಿಂದ ರಾತ್ರಿ ಬಸ್ಸಲ್ಲಿ ಬಂದು ನಿಂತಿದ್ರೆ ಪಕ್ಕದಲ್ಲಿದ್ದ ಹುಡ್ಗ, ಬ್ರೂಸ್ ಬಿಟ್ಟು ಹೋದಾಗ ಇನ್ನೂ ಚಡ್ಡಿ ಹಾಕ್ತಿದ್ದೋನು, ಒಂದೊಂದು ಸಾಲೂ ಬಾಯಿಪಾಠ ಒಪ್ಪಿಸ್ತಿದ್ದ. ಅವನಿಗ್ಯಾವ ಹಳೇ ನೆನಪು ಹೇಳಿ? ಡ್ರಮ್ಮರ್ ನಿಕೋ ಮೆಕ್‌ಬ್ರೇನ್‌ಗೆ 2023ರ ಜನವರಿಯಲ್ಲಿ ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನ ತಪ್ಪಿತ್ತು, ಅದೇ ವರ್ಷ ಮತ್ತೆ ಸ್ಟೇಜ್ ಹತ್ತಿದ್ರು ಮನುಷ್ಯ. 2024ರ ಡಿಸೆಂಬರಲ್ಲಿ ಅವ್ರು ಟೂರಿಂಗ್ ನಿಲ್ಲಿಸ್ದಾಗ ಮನೇಲಿ ಯಾರ್ ಹತ್ರಾನೂ ಸರಿಯಾಗಿ ಮಾತಾಡ್ಲಿಲ್ಲ ನಾನು, ಮಗಳು ನಕ್ಕಳು. ಈಗ ಸೈಮನ್ ಡಾಸನ್ ಬಾರಿಸ್ತಿದಾರೆ, ಅದನ್ನೂ ಕೇಳ್ತಿದೀನಿ.