ಸ್ಪಷ್ಟನೆ: ಪವರ್ ವಿಂಡೋಗೆ ಎಂಜಿನ್ ಆಯಿಲ್ ಹಚ್ಚಬೇಡಿ
ಹಳೆಯ ಕಾರಿನ ಪವರ್ ವಿಂಡೋ (ಸ್ವಿಚ್ ಒತ್ತಿದರೆ ಏರಿಳಿಯುವ ಕಿಟಕಿ ಗಾಜು) ನಿಧಾನವಾಗಿ ಏರುತ್ತಿದ್ದರೆ ಗಾಜು ಜಾರುವ ರಬ್ಬರ್ ಪಟ್ಟಿಗೆ ಎಂಜಿನ್ ಆಯಿಲ್ ಸವರಬೇಕೆಂದು ವಾಟ್ಸ್ಆಪ್‌ನಲ್ಲಿ ಹರಿದಾಡುತ್ತಿರುವ ಸಲಹೆ ತಪ್ಪು. ಅದನ್ನು ನಾನೂ ಒಮ್ಮೆ ಹಂಚಿದ್ದೆ. ಹಚ್ಚಿದ ಕೆಲವು ದಿನ ಗಾಜು ಸರಾಗವಾಗಿ ಓಡುವುದು ನಿಜವಾದರೂ, ಈ ಪಟ್ಟಿಗಳಿಗೆ ಸಾಮಾನ್ಯವಾಗಿ ಬಳಸುವ ಇಪಿಡಿಎಂ ಎಂಬ ಕೃತಕ ರಬ್ಬರ್ ಎಂಜಿನ್ ಆಯಿಲ್‌ನಂಥ ಖನಿಜ ತೈಲ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ, ಅಂಟಿಕೊಂಡ ದೂಳು ಗಾಜಿನ ಓಟವನ್ನು ಇನ್ನಷ್ಟು ಬಿಗಿಯಾಗಿಸುತ್ತದೆ. ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಬಳಿಕ ಸಿಲಿಕೋನ್ ಸ್ಪ್ರೇ ಹೊಡೆಯುವುದೇ ಸರಿಯಾದ ಕ್ರಮ. ಅದರಿಂದಲೂ ವೇಗ ಹೆಚ್ಚದಿದ್ದರೆ ಸ್ವಿಚ್ಚಿನ ಸವೆದ ಕಾಂಟ್ಯಾಕ್ಟ್, ಬಾಗಿಲಿನ ಸಂದಿಯ ವೈರು ಹಾಗೂ ಮೋಟಾರನ್ನು ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು. ಬ್ಯಾಟರಿಯ 12 ವೋಲ್ಟ್ ಮೋಟಾರಿಗೆ ಸರಿಯಾಗಿ ತಲುಪದಿದ್ದಾಗ ಯಾವ ಎಣ್ಣೆಯೂ ಕೆಲಸಕ್ಕೆ ಬಾರದು. ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ.