ನೋಕಿಯಾ ಏನೂ ತಪ್ಪು ಮಾಡ್ಲಿಲ್ಲ ಅನ್ನೋರಿಗೆ

ಆ ವಾಟ್ಸಾಪ್ ಫಾರ್ವರ್ಡ್ ಮತ್ತೆ ಬಂತು. ಈ ಸಲ ನಮ್ಮ ಫ್ಯಾಮಿಲಿ ಗ್ರೂಪಲ್ಲಿ, ಚಿಕ್ಕಪ್ಪ ಹಾಕಿದ್ದು. ನೋಕಿಯಾ ಮಾರಾಟ ಆದ ದಿನ ಅದರ ಸಿಇಒ ಪ್ರೆಸ್‌ಮೀಟಲ್ಲಿ ನಿಂತ್ಕೊಂಡು ನಾವೇನೂ ತಪ್ಪು ಮಾಡ್ಲಿಲ್ಲ ಆದ್ರೂ ಹೆಂಗೋ ಸೋತ್ವಿ ಅಂದ್ನಂತೆ, ಅತ್ನಂತೆ, ಸುತ್ತ ಇದ್ದ ಆಫೀಸರ್‌ಗಳೆಲ್ಲಾ ಅತ್ರಂತೆ. ಕೆಳಗೆ ಕಾಲಕ್ಕೆ ತಕ್ಕಂಗೆ ಬದಲಾಗಿ ಅಂತ ಒಂದು ಬುದ್ಧಿಮಾತು, ಎರಡು ಕೈಮುಗಿಯೋ ಇಮೋಜಿ.

ಮೊದಲನೇದಾಗಿ, 2013ರ ಸೆಪ್ಟೆಂಬರ್ 3ನೇ ತಾರೀಖು ಫೋನ್ ವಿಭಾಗನ ಮೈಕ್ರೋಸಾಫ್ಟಿಗೆ ಕೊಡ್ತೀವಿ ಅಂತ ಘೋಷಣೆ ಆದಾಗ, ಅಲ್ಲಿಯವರೆಗೆ ಸಿಇಒ ಆಗಿದ್ದ ಸ್ಟೀಫನ್ ಎಲೋಪ್ ಆ ಕುರ್ಚಿಯಿಂದ ಇಳಿದಾಗಿತ್ತು, ಅವರು ವಾಪಸ್ ಮೈಕ್ರೋಸಾಫ್ಟಿಗೇ ಹೊರಟಿದ್ರು, ಹಂಗಾಮಿ ಸಿಇಒ ಆಗಿ ಕಂಪ್ನಿ ಪರವಾಗಿ ಮಾತಾಡಿದ್ದು ಚೇರ್ಮನ್ ರಿಸ್ಟೋ ಸೀಲಸ್ಮಾ. ಎರಡನೇದು, ಅದೇ ಮುಖ್ಯ, ಏನೂ ತಪ್ಪು ಮಾಡ್ಲಿಲ್ಲ ಅನ್ನೋದು ಸುಳ್ಳು. ತಪ್ಪು ಮಾಡಿದ್ರು, ಗೊತ್ತಿದ್ದೂ ಮಾಡಿದ್ರು, ಗೊತ್ತಿದ್ದೋರು ಬಾಯಿ ಬಿಡೋಕೆ ಹೆದರಿದ್ರು. ಇದನ್ನ ನಾನು ಸುಮ್ನೆ ಹೇಳ್ತಿಲ್ಲ, ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ರೆ ಓದಿ.

ನಾನು ಪಿಯುಸಿ ಓದೋವಾಗಿಂದ ಡಿಗ್ರಿ ಮುಗಿಯೋವರೆಗೂ ತಿಪಟೂರಲ್ಲಿ ನಮ್ಮ ಸೋದರಮಾವನ ಮೊಬೈಲ್ ಅಂಗಡೀಲಿ ಕೂರ್ತಿದ್ದೆ. ರೀಚಾರ್ಜು, ಸಿಮ್ಮು, ಸರ್ವೀಸು. ಕೊಬ್ಬರಿ ಮಾರೋಕೆ ಬಂದ ರೈತರು ದುಡ್ಡು ಕೈಗೆ ಬಂದ ಮೇಲೆ ಸೀದಾ ಬಂದು ಫೋನ್ ಕೇಳೋರು, ಫೋನ್ ಅಂತಾನೂ ಅಲ್ಲ, "ಒಂದು ನೋಕಿಯಾ ಕೊಡಪ್ಪ" ಅನ್ನೋರು. ಮಾವ ಬೇರೆ ಕಂಪ್ನೀದು ತೋರಿಸಿದ್ರೆ ಕೈಯಲ್ಲಿ ಹಿಡ್ಕೊಂಡು ತೂಕ ನೋಡಿ ವಾಪಸ್ ಇಡೋರು. ಆಗ ಇಂಡಿಯಾದಲ್ಲಿ ಮಾರಾಟ ಆಗ್ತಿದ್ದ ಫೋನಲ್ಲಿ ಅರ್ಧಕ್ಕಿಂತ ಜಾಸ್ತಿ ಅವರದೇ. 1995ರ ಜುಲೈ 31ಕ್ಕೆ ನಮ್ಮ ದೇಶದ ಮೊದಲ ಮೊಬೈಲ್ ಕರೆ, ಕಲ್ಕತ್ತದಿಂದ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲೀಲಿದ್ದ ಟೆಲಿಕಾಂ ಮಂತ್ರಿ ಸುಖ್ ರಾಮ್‌ಗೆ ಮಾಡಿದ್ದು, ಅದೂ ನೋಕಿಯಾ ಹ್ಯಾಂಡ್‌ಸೆಟ್ಟಲ್ಲೇ.

ನೋಕಿಯಾ 1100 ಬಗ್ಗೆ ಹೇಳ್ದೆ ಮುಂದಕ್ಕೆ ಹೋಗೋಕಾಗಲ್ಲ. 2003ರಲ್ಲಿ ಬಂದಿದ್ದು, ಪ್ರಪಂಚದಲ್ಲಿ 25 ಕೋಟಿಗೂ ಮೇಲೆ ಮಾರಾಟ ಆಯ್ತು. ಕೀಪ್ಯಾಡು ಒಂದೇ ರಬ್ಬರ್ ಶೀಟು, ಧೂಳು ಒಳಗೆ ಇಳಿಯದಂಗೆ. ಪಕ್ಕದಲ್ಲಿ ಬೆವರಿದ ಕೈ ಜಾರದಂಗೆ ಹಿಡಿತ. ತಲೆ ಮೇಲೆ ಟಾರ್ಚು. ಸಿ ಬಟನ್ ಒತ್ತಿ ಹಿಡಿದ್ರೆ ಹತ್ಕೊಳ್ಳೋದು. ನಮ್ಮ ಕಡೆ ಆಗ ತೋಟಕ್ಕೆ ತ್ರೀ ಫೇಸ್ ಕರೆಂಟ್ ರಾತ್ರಿ ಹೊತ್ತು ಕೊಡೋರು, ಹನ್ನೊಂದಕ್ಕೋ ಒಂದಕ್ಕೋ. ನಮ್ಮಪ್ಪ ಎದ್ದು ಹೋಗಿ ಮೋಟ್ರು ಹಾಕ್ಬೇಕು. ಮೊದಲೆಲ್ಲಾ ಬ್ಯಾಟರಿ ಟಾರ್ಚ್ ತಗೊಂಡು ಹೋಗೋರು, ಸೆಲ್ಲು ಯಾವಾಗ ಕೈ ಕೊಡುತ್ತೋ ಗೊತ್ತಿರ್ತಿರ್ಲಿಲ್ಲ. 1100 ಬಂದ್ಮೇಲೆ ಸ್ಟಾರ್ಟರ್ ಡಬ್ಬಿ ಮುಂದೆ ನಿಂತು ಫೋನನ್ನ ಹಲ್ಲಲ್ಲಿ ಕಚ್ಕೊಂಡು ಎರಡೂ ಕೈ ಖಾಲಿ ಮಾಡ್ಕೊಂಡು ಫ್ಯೂಸ್ ನೋಡೋರು. ಆ ಫೋನಿನ ಮೇಲ್ತುದೀಲಿ ಅಪ್ಪನ ಹಲ್ಲಿನ ಗುರುತು ಹಂಗೇ ಇತ್ತು, ಎರಡು ಸಣ್ಣ ಗುಳಿ, ಒಂದು ಸ್ವಲ್ಪ ಆಳ. ಬಾವಿ ಕಟ್ಟೆ ಮೇಲಿಂದ ಬಿದ್ದಿತ್ತು, ಕೆಸರಲ್ಲಿ ಬಿದ್ದಿತ್ತು. ಕೆಸರಲ್ಲಿ ಬಿದ್ದ ದಿನ ನಾನೇ ಬಿಚ್ಚಿದ್ದು: ಹಿಂದಿನ ಕ್ಯಾಪು ತೆಗೆದು, ಬ್ಯಾಟರಿ ಎತ್ತಿ, ಮುಂದಿನ ಪ್ಯಾನಲ್ ಬೆರಳಲ್ಲೇ ಕಿತ್ತು, ಸ್ಟಾರ್ ಸ್ಕ್ರೂಗಳನ್ನ ಬಿಚ್ಚಿ, ಬೋರ್ಡನ್ನ ಹಳೇ ಟೂತ್‌ಬ್ರಷ್ಷಲ್ಲಿ ಥಿನ್ನರ್ ಹಾಕಿ ಉಜ್ಜಿ, ಬ್ಲೋಯರ್ ಹಿಡಿದು ಒಣಗಿಸಿ ಮತ್ತೆ ಜೋಡಿಸಿದ್ರೆ ಅರ್ಧ ಗಂಟೆ ಕೆಲಸ. ಫೋನ್ ಆನ್ ಆಗೋವಾಗ ಬರೋ, ಕೈ ಕೈ ಹಿಡಿಯೋ ಆ ಚಿತ್ರ ಸ್ಕ್ರೀನ್ ಮೇಲೆ ಬಂದಾಗ ಮಾವ ನನ್ ಕಡೆ ನೋಡಿ ತಲೆ ಆಡಿಸಿದ್ರು. ಹದಿನೇಳು ವರ್ಷದ ಹುಡುಗ ನಾನು. ನಾನು ಮೊದಲು ಕಲಿತ ಕೆಲಸ ಅದು.

ಈಗ ಬ್ಯಾಟರಿ ವಿಷಯ. ಬಿಎಲ್-5ಸಿ. ಗೊತ್ತಿರೋರಿಗೆ ಆ ಹೆಸರು ಕೇಳಿದ್ರೇ ಸಾಕು. 1100ಗೂ ಅದೇ, 6600ಗೂ ಅದೇ, ಎಷ್ಟೋ ಮಾಡೆಲ್‌ಗೆ ಅದೊಂದೇ ಬ್ಯಾಟರಿ. ಒರಿಜಿನಲ್ಲಾ ಡೂಪ್ಲಿಕೇಟಾ ಅಂತ ನೋಡೋಕೆ ಅದರ ಮೇಲೆ ಹೊಳೆಯೋ ಹೊಲೋಗ್ರಾಮ್ ಸ್ಟಿಕ್ಕರ್, ಒಂದು ಕಡೆಯಿಂದ ನೋಡಿದ್ರೆ ಎರಡು ಕೈ ಕಾಣ್ಬೇಕು, ಎಡಕ್ಕೆ ಬಲಕ್ಕೆ ಕೆಳಕ್ಕೆ ಮೇಲಕ್ಕೆ ವಾಲಿಸಿದ್ರೆ ಒಂದು ಎರಡು ಮೂರು ನಾಲ್ಕು ಚುಕ್ಕಿ ಕಾಣ್ಬೇಕು, ಪಕ್ಕದಲ್ಲಿ ಕೆರೆದ್ರೆ 20 ಅಂಕಿಯ ನಂಬರು. ಅಂಗಡಿಗೆ ಬರೋ ಅಜ್ಜಂದಿರಿಗೂ ಚುಕ್ಕಿ ಎಣಿಸೋದು ಗೊತ್ತಿತ್ತು, ಬಿಸಿಲಿಗೆ ಹಿಡಿದು ವಾಲಿಸಿ ವಾಲಿಸಿ ನೋಡೋರು. 2007ರ ಆಗಸ್ಟಲ್ಲಿ ನೋಕಿಯಾನೇ ಮುಂದೆ ಬಂದು ಹೇಳ್ತು, ಮಾತ್ಸುಶಿತ ಅನ್ನೋ ಜಪಾನ್ ಕಂಪ್ನಿ ಮಾಡಿಕೊಟ್ಟ 4 ಕೋಟಿ 60 ಲಕ್ಷ ಬಿಎಲ್-5ಸಿ ಚಾರ್ಜ್ ಮಾಡೋವಾಗ ಬಿಸಿ ಆಗ್ಬಹುದು, ಬೇಕಾದೋರಿಗೆ ಪುಕ್ಕಟೆ ಬದಲಾಯಿಸಿ ಕೊಡ್ತೀವಿ ಅಂತ. ಟೀವೀಲಿ ಸುದ್ದಿ ಬಂದಿದ್ದೇ ಬಂದಿದ್ದು, ಮಾರನೇ ದಿನ ಅಂಗಡಿ ಮುಂದೆ ಜನ. ಬ್ಯಾಟರಿ ಬಿಚ್ಚಿ ಕರ್ಚೀಫಲ್ಲಿ ಸುತ್ಕೊಂಡು ಬಂದಿದ್ರು ಕೆಲವರು, ಬಾಂಬ್ ತರ. ಆದ್ರೆ ನನಗೆ ನೆನಪಿರೋದು ಏನಂದ್ರೆ ಒಬ್ರೂ ನೋಕಿಯಾ ಸರಿಯಿಲ್ಲ ಅನ್ಲಿಲ್ಲ. ಅವರೇ ಹೇಳಿದ್ದಾರಲ್ಲ, ಬದಲಾಯಿಸಿ ಕೊಡ್ತಾರೆ ಬಿಡು ಅಂದ್ರು. ತಪ್ಪನ್ನ ಬಾಯಿ ಬಿಟ್ಟು ಹೇಳಿದ್ದಕ್ಕೆ ನಂಬಿಕೆ ಇನ್ನೂ ಗಟ್ಟಿ ಆಯ್ತು.

ಅದೇ 2007ರಲ್ಲಿ ಆ ಕಂಪ್ನಿ ಒಳಗಡೆ ಏನ್ ನಡೀತಿತ್ತು ಅಂತ ಆಮೇಲೆ ಗೊತ್ತಾಯ್ತು ನೋಡಿ, ಅದಕ್ಕೇ ನನಗೆ ಸಂಕಟ.

ಆ ವರ್ಷ ಜನವರೀಲಿ ಆಪಲ್‌ನೋರು ಐಫೋನ್ ತೋರಿಸಿದ್ರು. ನೋಕಿಯಾಗೆ ಟಚ್ ಗೊತ್ತಿರ್ಲಿಲ್ಲ ಅಂತ ಎಲ್ಲಾರೂ ಹೇಳ್ತಾರೆ, ಅದೂ ತಪ್ಪು. 2004ರಲ್ಲೇ 7710 ಅಂತ ಟಚ್‌ಸ್ಕ್ರೀನ್ ಫೋನ್ ಮಾಡಿದ್ರು. 2005ರಲ್ಲಿ 770 ಅಂತ ಲಿನಕ್ಸ್ ಮೇಲೆ ಓಡೋ ಇಂಟರ್‌ನೆಟ್ ಟ್ಯಾಬ್ಲೆಟ್ ಮಾಡಿದ್ರು. ಮ್ಯಾಪಿಗೋಸ್ಕರ ನ್ಯಾವ್‌ಟೆಕ್ ಅನ್ನೋ ಕಂಪ್ನಿಗೆ 8 ಬಿಲಿಯನ್ ಡಾಲರ್ ಸುರಿದ್ರು. ಕೈಯಲ್ಲಿ ಎಲ್ಲಾ ಇತ್ತು. ಇರದೇ ಇದ್ದಿದ್ದು ಒಂದೇ, ಧೈರ್ಯ: ನಮ್ಮ ಸ್ಮಾರ್ಟ್‌ಫೋನ್ ಓಡಿಸೋ ಸಾಫ್ಟ್‌ವೇರ್ ಸಿಂಬಿಯನ್ ಬಟನ್ ಫೋನಿಗೆ ಅಂತ ಕಟ್ಟಿದ್ದು, ಇದಕ್ಕೆ ಟಚ್ ತೇಪೆ ಹಾಕೋಕಾಗಲ್ಲ, ಹೊಸದಾಗಿ ಕಟ್ಬೇಕು, ಅದಕ್ಕೆ ಟೈಮ್ ಬೇಕು ಅಂತ ಮೇಲಿನೋರ ಮುಖಕ್ಕೆ ಹೇಳೋ ಧೈರ್ಯ. ಕ್ವೀ ಹುಯ್, ಟಿಮೋ ವೂರಿ ಅಂತ ಇಬ್ರು ಮೇಷ್ಟ್ರುಗಳು ನೋಕಿಯಾದ ಮ್ಯಾನೇಜರ್‌ಗಳು ಇಂಜಿನಿಯರ್‌ಗಳನ್ನೆಲ್ಲಾ, ಒಟ್ಟು 76 ಜನನ್ನ ಮಾತಾಡಿಸಿ ಅಧ್ಯಯನ ಮಾಡಿದ್ರು. ಅವರಿಗೆ ಕಂಡಿದ್ದು ಹೆದರಿಕೆ. ಮೇಲಿನೋರಿಗೆ ಹೊರಗಿನ ಕಾಂಪಿಟೇಶನ್ ಹೆದರಿಕೆ, ಮಧ್ಯದ ಮ್ಯಾನೇಜರ್‌ಗಳಿಗೆ ಮೇಲಿನೋರ ಹೆದರಿಕೆ. ಮೇಲಿನೋರು ಬೇಗ ಬೇಗ ಅಂದ್ರು, ಕೆಳಗಿನೋರು ಆಗುತ್ತೆ ಸಾರ್ ಅಂದ್ರು. ಆಗಲ್ಲ ಅಂದೋರನ್ನ ಕೈಲಾಗದೋರು ಅಂದ್ಕೊಂಡ್ರು. ಕೊನೆಗೆ ನಿಜಾನ ಯಾರೂ ಹೇಳ್ಲಿಲ್ಲ. ಹಳ್ಳಿ ಅಜ್ಜನಿಗೂ ನಿಮ್ಮ ಬ್ಯಾಟರೀಲಿ ದೋಷ ಇದೆ ಅಂತ ಹೇಳಿದ ಕಂಪ್ನಿ, ತನ್ನ ಬಾಸಿಗೆ ನಮ್ಮ ಸಾಫ್ಟ್‌ವೇರಲ್ಲಿ ದೋಷ ಇದೆ ಅಂತ ಹೇಳೋಕಾಗದೇ ಹೋಯ್ತು. ಯಾವ ಆಫೀಸಲ್ಲಾದ್ರೂ ಕೆಲಸ ಮಾಡಿರೋರಿಗೆ ಇದು ಅರ್ಥ ಆಗುತ್ತೆ ಅನ್ಕೋತೀನಿ, ರಿವ್ಯೂ ಮೀಟಿಂಗಲ್ಲಿ ಎಲ್ಲಾ ಗ್ರೀನ್, ಅಂದ್ರೆ ಎಲ್ಲಾ ಸರಿಯಿದೆ, ಅಂತ ತೋರಿಸಿ ಹೊರಗೆ ಬಂದು ಕಾಫಿ ಕುಡೀತಾ ತಲೆ ಚಚ್ಕೊಳ್ಳೋದನ್ನ ನಾನೂ ನೋಡಿದೀನಿ.

ಡ್ಯುಯಲ್ ಸಿಮ್ ವಿಷಯದ್ದು ಇನ್ನೊಂದು ತಪ್ಪು. ನಮ್ಮ ದೇಶದಲ್ಲಿ ಇಲ್ಲೊಂದು ಆಫರ್ ಅಲ್ಲೊಂದು ಆಫರ್ ಅಂತ ಜನ ಎರಡೆರಡು ಸಿಮ್ ಇಟ್ಕೊಂಡಿದ್ದು ಅಂಗಡಿಯೋರಿಗೆಲ್ಲಾ ಗೊತ್ತು. ಮೈಕ್ರೋಮ್ಯಾಕ್ಸ್‌ನೋರು, ಚೀನಾ ಸೆಟ್‌ನೋರು ಅದನ್ನ ಹಿಡ್ಕೊಂಡು ಮೇಲೆ ಬಂದ್ರು. ನೋಕಿಯಾ ಡ್ಯುಯಲ್ ಸಿಮ್ ಅಂತ ಬರೋ ಹೊತ್ತಿಗೆ 2010-11 ಆಗಿತ್ತು.

ಆಮೇಲೆ ಎಲೋಪ್ ಬಂದ್ರು, 2010 ಸೆಪ್ಟೆಂಬರ್. ಮೈಕ್ರೋಸಾಫ್ಟಿಂದ ಬಂದೋರು. 2011ರ ಫೆಬ್ರವರೀಲಿ ಎಂಪ್ಲಾಯಿಗಳಿಗೆ ಒಂದು ಪತ್ರ ಬರೆದ್ರು, ಸಮುದ್ರದ ಮಧ್ಯೆ ಎಣ್ಣೆ ತೆಗೆಯೋ ಅಟ್ಟಣೆಗೆ ಬೆಂಕಿ ಬಿದ್ದಿದೆ, ಸುಟ್ಟು ಸಾಯ್ತೀಯೋ ತಣ್ಣೀರಿಗೆ ಹಾರ್ತೀಯೋ ಅಂತ. ಅದು ಹೊರಗೆ ಬಂತು, ಪೇಪರಲ್ಲೆಲ್ಲಾ ಬಂತು. ಸ್ವಲ್ಪ ದಿನದಲ್ಲೇ, ಫೆಬ್ರವರಿ 11ಕ್ಕೆ, ಇನ್ಮೇಲೆ ನಮ್ಮ ಸ್ಮಾರ್ಟ್‌ಫೋನೆಲ್ಲಾ ವಿಂಡೋಸ್ ಫೋನ್, ಸಿಂಬಿಯನ್ ಕೈಬಿಡ್ತೀವಿ ಅಂದ್ರು. ಪತ್ರದಲ್ಲಿದ್ದ ಮಾತು ನಿಜಾನೇ, ಒಳಗೆ ಬೆಂಕಿ ಬಿದ್ದಿತ್ತು, ನಾಲ್ಕು ವರ್ಷದಿಂದ ಯಾರೂ ಹೇಳದೇ ಇದ್ದಿದ್ದನ್ನ ಅವರು ಹೇಳಿದ್ರು. ಆದ್ರೆ ಹೇಳಿದ ರೀತಿ ನೋಡಿ. ಅದಕ್ಕಿಂತ ಹಿಂದಿನ ಮೂರು ತಿಂಗಳಲ್ಲಿ ನೋಕಿಯಾ 2 ಕೋಟಿ 83 ಲಕ್ಷ ಸ್ಮಾರ್ಟ್‌ಫೋನ್ ಮಾರಿತ್ತು. ಅದರಲ್ಲಿ ಬಹುಪಾಲು ಸಿಂಬಿಯನ್. ಹಾಲು ಕೊಡೋ ಎಮ್ಮೆನ ಸಂತೇಲಿ ನಿಲ್ಲಿಸಿ, ಇದು ಇನ್ನೇನು ಗೊಡ್ಡಾಗುತ್ತೆ ಕಣ್ರಪ್ಪಾ, ಆದ್ರೂ ತಗೊಳ್ಳಿ ಅಂತ ಮಾಲೀಕನೇ ಕೂಗಿದ್ರೆ ಯಾರು ತಗೋತಾರೆ? ಕಟ್ಟೋಕೆ ಇನ್ನೊಂದು ಎಮ್ಮೆ ಕೊಟ್ಟಿಗೇಲಿ ಇತ್ತಾ, ಇಲ್ಲ. ಮೊದಲ ಲೂಮಿಯಾ ಬಂದಿದ್ದು ಆ ವರ್ಷದ ಕೊನೇಲಿ. ಅಷ್ಟರಲ್ಲಿ ಏಪ್ರಿಲ್-ಜೂನ್ ಹೊತ್ತಿಗೇ ಸ್ಮಾರ್ಟ್‌ಫೋನ್ ಮಾರಾಟ 1 ಕೋಟಿ 67 ಲಕ್ಷಕ್ಕೆ ಬಿದ್ದಿತ್ತು. ಇಂಟೆಲ್ ಜೊತೆ ಸೇರಿ ಮೀಗೋ ಅಂತ ಒಂದು ಸಾಫ್ಟ್‌ವೇರ್ ತಾವೇ ಬೆಳೆಸಿದ್ರು, ಅದರಲ್ಲಿ ಎನ್9 ಅಂತ ಫೋನ್ ಮಾಡಿದ್ರು, ಮುಂದೆ ಒಂದೂ ಬಟನ್ ಇಲ್ಲದ, ಬೆರಳಲ್ಲಿ ಸರಿಸಿದ್ರೆ ಸಾಕು ಅನ್ನೋ ಫೋನು, ನೋಡಿದೋರೆಲ್ಲಾ ಹೊಗಳಿದ್ರು. ಅದು ಬರೋ ಮುಂಚೇನೇ ಅದಕ್ಕೆ ಮುಂದೆ ಗತಿ ಇಲ್ಲ ಅಂತ ತೀರ್ಮಾನ ಆಗಿತ್ತು. ಇದನ್ನ ಮಾತ್ರ ನಾನು ಇವತ್ತಿಗೂ ಒಪ್ಕೊಳ್ಳಲ್ಲ. ಬದಲಾಗ್ಲಿಲ್ಲ ಅದಕ್ಕೇ ಸತ್ರು ಅಂತ ಫಾರ್ವರ್ಡಲ್ಲಿ ಬರೀತಾರಲ್ಲ, ಅವರು ಬದಲಾದ್ರು ಸ್ವಾಮಿ, ಗಾಬರಿ ಬಿದ್ದು ಬದಲಾದ್ರು, ತಮ್ಮ ಮನೆ ಕೂಸನ್ನ ಕೆಳಗಿಟ್ಟು ಪಕ್ಕದ ಮನೇದನ್ನ ಎತ್ಕೊಂಡು ಓಡಿದ್ರು.

2012ರ ಮೊದಲ ಮೂರು ತಿಂಗಳಲ್ಲಿ ಸ್ಯಾಮ್‌ಸಂಗ್ ಮುಂದೆ ಹೋಯ್ತು. 2014ರ ಏಪ್ರಿಲ್ 25ಕ್ಕೆ ಮೈಕ್ರೋಸಾಫ್ಟಿಗೆ ಮಾರಾಟ ಪಕ್ಕಾ ಆಯ್ತು. ಆ ಜುಲೈಯಲ್ಲಿ ಮೈಕ್ರೋಸಾಫ್ಟ್ 18,000 ಜನನ್ನ ತೆಗೀತೀವಿ ಅಂತು, ಅದರಲ್ಲಿ 12,500 ನೋಕಿಯಾ ಕಡೆಯಿಂದ ಬಂದೋರು. ಆ ನಿರ್ಧಾರ ಹೇಳಿದ್ದು ಅಷ್ಟೊತ್ತಿಗೆ ಮೈಕ್ರೋಸಾಫ್ಟ್ ಸಿಇಒ ಆಗಿದ್ದ, ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ, ಆ ಖರೀದಿ ಬೇಡ ಅಂತ ತಾನು ಹೇಳಿದ್ದೆ ಅಂತ ಆಮೇಲೆ ಅವರೇ ಬರ್ಕೊಂಡಿದ್ದಾರೆ. ಮುಂದಿನ ವರ್ಷ 7.6 ಬಿಲಿಯನ್ ಡಾಲರ್ ಲೆಕ್ಕದಿಂದ ಹೊಡೆದು ಹಾಕಿದ್ರು, ಹೆಚ್ಚುಕಮ್ಮಿ ಕೊಂಡ ರೇಟಿನಷ್ಟೇ.

ಇಷ್ಟೆಲ್ಲಾ ಮಾತಾಡೋರು ಶ್ರೀಪೆರಂಬುದೂರು ಬಗ್ಗೆ ಯಾಕೆ ಮಾತಾಡಲ್ಲ ಅಂತ ನನಗೆ ಯಾವಾಗ್ಲೂ ಅನ್ಸುತ್ತೆ. ಬೆಂಗಳೂರಿಂದ ಚೆನ್ನೈಗೆ ಬಸ್ಸಲ್ಲಿ ಹೋಗೋರು ಆ ಊರು ದಾಟೇ ಹೋಗ್ತೀರ. 2006ರಲ್ಲಿ ಅಲ್ಲಿ ನೋಕಿಯಾ ಫ್ಯಾಕ್ಟರಿ ಶುರು ಆಯ್ತು. ನಮ್ಮ ಅಂಗಡಿಗೆ ಬರ್ತಿದ್ದ ಡಬ್ಬಿಗಳ ಮೇಲೆ ಮೇಡ್ ಇನ್ ಇಂಡಿಯಾ ಅಂತ ಇರ್ತಿತ್ತು. ಆ ಲೈನಲ್ಲಿ ನಿಂತು ಕೆಲಸ ಮಾಡ್ತಿದ್ದೋರಲ್ಲಿ ತುಂಬಾ ಜನ ಹತ್ತೊಂಬತ್ತು ಇಪ್ಪತ್ತು ವರ್ಷದ ತಮಿಳು ಹಳ್ಳಿ ಹೆಣ್ಮಕ್ಕಳು. ಅವರ ಪಾಲಿಗೆ ಅದು ಮೊದಲ ಸಂಬಳ. 2013ರಲ್ಲಿ ಇನ್‌ಕಮ್ ಟ್ಯಾಕ್ಸ್ ಇಲಾಖೆ ಜೊತೆ ಸಾವಿರಾರು ಕೋಟಿಯ ತಕರಾರು ಶುರು ಆಯ್ತು, ಆಸ್ತಿ ಮುಟ್ಟುಗೋಲು ಆಯ್ತು, ಹಂಗಾಗಿ ಫ್ಯಾಕ್ಟರಿನ ಮೈಕ್ರೋಸಾಫ್ಟಿಗೆ ಕೊಡೋಕಾಗ್ಲಿಲ್ಲ, ಕೊನೆಗೆ ಅವರ ಆರ್ಡರೂ ನಿಂತು 2014ರ ನವೆಂಬರ್ 1ಕ್ಕೆ ಬಾಗಿಲು ಹಾಕಿದ್ರು. ಆ ಹುಡುಗಿಯರು ಯಾವ ಮೀಟಿಂಗಲ್ಲೂ ಸುಳ್ಳು ಹೇಳಿರ್ಲಿಲ್ಲ. ಯಾವ ಸಾಫ್ಟ್‌ವೇರ್ ಆರಿಸಿದ್ದೂ ಅವರಲ್ಲ. ನಿಜವಾಗ್ಲೂ ಏನೂ ತಪ್ಪು ಮಾಡದೇ ಸೋತೋರು ಅಂದ್ರೆ ಅವರು.

ನೋಕಿಯಾ ಅನ್ನೋ ಕಂಪ್ನಿ ಬದುಕಿದೆ, ಟವರ್ ನೆಟ್‌ವರ್ಕ್ ಕೆಲಸ ಮಾಡುತ್ತೆ, ಬೆಂಗಳೂರಲ್ಲೂ ದೊಡ್ಡ ಆಫೀಸಿದೆ. ಫೋನಿನ ಹೆಸರನ್ನ ಎಚ್‌ಎಂಡಿ ಅನ್ನೋ ಇನ್ನೊಂದು ಕಂಪ್ನಿಯೋರು 2016ರಲ್ಲಿ ತಗೊಂಡು ಹಳೇ 3310 ಮಾಡೆಲ್ ಮತ್ತೆ ತಂದ್ರು, ನಾನೂ ಒಂದು ಕೊಂಡೆ, ಅದು ಬೇರೆ ಫೋನು, ಹೋಲಿಸೋದು ಬೇಡ.

ಮಾವನ ಅಂಗಡಿ ಈಗಿಲ್ಲ. ಅವರಿಗೆ ಕಣ್ಣು ಮಂಜಾಯ್ತು, ಮಗ ಬೇರೆ ಕೆಲಸ ಹಿಡಿದ. ಅಪ್ಪ ಫೋನ್ ಬದಲಾಯಿಸಿದಾರೆ, ನಾನೇ ಕೊಡಿಸಿದ ಟಚ್ ಸೆಟ್ಟು, ಆದ್ರೆ ತೋಟಕ್ಕೆ ಹೋಗೋವಾಗ ಒಂದು ಪುಟ್ಟ ಎಫ್‌ಎಂ ರೇಡಿಯೋ ತಗೊಂಡು ಹೋಗ್ತಾರೆ, ಪೆನ್‌ಡ್ರೈವ್ ಹಾಕಿದ್ರೆ ಹರಿಕಥೆ ಬರುತ್ತಲ್ಲ ಆ ತರದ್ದು. ಹೋದ ವಾರ ಅದು ಆಫ್ ಆಗಿತ್ತು. ಹಿಂದಿನ ಮುಚ್ಚಳ ತೆಗೆದ್ರೆ ಬ್ಯಾಟರಿ ಊದ್ಕೊಂಡಿತ್ತು, ಬಿಎಲ್-5ಸಿ. ಬಸ್ ಸ್ಟ್ಯಾಂಡ್ ಹತ್ರ ಒಂದು ಅಂಗಡಿಗೆ ಹೋಗಿ ಕೌಂಟರಲ್ಲಿದ್ದ ಹುಡುಗನಿಗೆ ಊದಿದ ಬ್ಯಾಟರಿ ತೋರಿಸ್ದೆ. ಹೆಚ್ಚು ಅಂದ್ರೆ ಹದಿನೇಳು ಇರ್ಬೇಕು ಅವನಿಗೆ. "ಓ, ರೇಡಿಯೋ ಬ್ಯಾಟರಿನಾ ಅಣ್ಣ" ಅಂದ, ಹಿಂದೆ ತಿರುಗಿ ಕೊಕ್ಕೇಲಿ ನೇತಾಕಿದ್ದ ಸಾಲಿಂದ ಒಂದನ್ನ ಕಿತ್ತು ಕೊಟ್ಟ. ಯಾವ್ದೋ ಹೆಸರಿಲ್ಲದ ಕಂಪ್ನೀದು. ಅಂಗಡಿಯಿಂದ ಹೊರಗೆ ಬಂದೋನು ಬಿಸಿಲಿಗೆ ಹಿಡಿದು ವಾಲಿಸಿ ನೋಡ್ದೆ, ಅಭ್ಯಾಸ. ಚುಕ್ಕಿ ಇರ್ಲಿಲ್ಲ.