ನೀವು ಮುಚ್ಚಳ ತೆರೆದಿರಾ ಸರ್?

ಕೊಂಡು ಹತ್ತು ತಿಂಗಳಾದ ನನ್ನ ಲ್ಯಾಪ್‌ಟಾಪ್ ಒಂದು ಬೆಳಿಗ್ಗೆ ಮುಚ್ಚಳ ಎತ್ತುವಾಗ 'ಟಕ್' ಅಂತು. ನೋಡಿದರೆ ಎಡಗಡೆಯ ಹಿಂಜ್, ಅಂದರೆ ಮುಚ್ಚಳ ತಿರುಗುವ ಕೀಲು, ಪ್ಲಾಸ್ಟಿಕ್ಕನ್ನು ಸೀಳಿಕೊಂಡು ಆಚೆ ಬಂದಿದೆ. ಸಾಸಿವೆಗಿಂತ ದೊಡ್ಡದು, ಮೆಣಸಿನ ಕಾಳಿಗಿಂತ ಚಿಕ್ಕದು ಅನ್ನಬಹುದಾದ ಹಿತ್ತಾಳೆಯ ನಟ್ಟೊಂದು ಉರುಳಿ ಹೋಗಿ ಕಾಫಿ ಲೋಟದ ಪಕ್ಕ ನಿಂತಿತು. ಇಡೀ ಪರದೆಯ ಭಾರ ಹೊತ್ತಿದ್ದ ಮಹಾನುಭಾವ ಅದೇ ಅಂತ ಆಮೇಲೆ ಗೊತ್ತಾಯಿತು.

ಸರ್ವೀಸ್ ಸೆಂಟರಿನಲ್ಲಿ ಟೋಕನ್ ಹಿಡಿದು ಮುಕ್ಕಾಲು ಗಂಟೆ ಕೂತೆ. ಕೌಂಟರಿನ ಹುಡುಗ ಲ್ಯಾಪ್‌ಟಾಪನ್ನು ಆ ಕಡೆ ಈ ಕಡೆ ತಿರುಗಿಸಿ ಆರು ಫೋಟೋ ತೆಗೆದ, ಪೊಲೀಸರು ಮಹಜರು ಮಾಡುವ ಹಾಗೆ.

"ಬೀಳಿಸಿದ್ರಾ ಸರ್?"

"ಇಲ್ಲಪ್ಪ."

"ಮತ್ತೆ ಏನ್ ಮಾಡ್ತಿದ್ರಿ?"

"ಓಪನ್ ಮಾಡ್ತಿದ್ದೆ."

"ಅದೇ ಸರ್," ಅಂದ, ಕಳ್ಳ ತಾನಾಗಿಯೇ ಬಾಯಿಬಿಟ್ಟನಲ್ಲ ಎಂಬ ಸಮಾಧಾನದಲ್ಲಿ. "ಫೋರ್ಸ್ ಬಿದ್ದಿದೆ. ಇದು ಫಿಸಿಕಲ್ ಡ್ಯಾಮೇಜ್. ವಾರಂಟಿ ಬರಲ್ಲ."

ಲೋಹದ ತುಂಡು ಪ್ಲಾಸ್ಟಿಕ್ಕಿನಿಂದ ಕಿತ್ತು ಬಂದರೆ ಅದು ಫಿಸಿಕಲ್ ಅಲ್ಲದೆ ಮಾನಸಿಕ ಡ್ಯಾಮೇಜ್ ಆಗುತ್ತದೆಯೇ ಅಂತ ಕೇಳಬೇಕೆನ್ನಿಸಿತು. ಮಾನಸಿಕದ್ದು ಅವನು ಎಸ್ಟಿಮೇಟ್ ಕೊಟ್ಟ ಮೇಲೆ ಆಯಿತು: ಟಾಪ್ ಕವರ್, ಹಿಂಜ್ ಸೆಟ್, ಲೇಬರ್, ಮೇಲೆ ಜಿಎಸ್‌ಟಿ, ಎಲ್ಲ ಸೇರಿ ಹನ್ನೊಂದು ಸಾವಿರದ ಚಿಲ್ಲರೆ. ಈ ಮಾಡೆಲ್ಲಿಗೆ ಇದು ಮಾಮೂಲಿ ಕಾಯಿಲೆಯೇನಪ್ಪ ಅಂದೆ. "ಇಲ್ಲ ಸರ್, ನಿಮ್ಮದೇ ಫಸ್ಟ್ ಕೇಸು."

ಹುಡುಗನ ಮೇಲೆ ಕೋಪವಿಲ್ಲ. ಅವನಾಡಿದ್ದು ಅವನ ಮಾತಲ್ಲ. ಅದಕ್ಕೊಂದು ಘನವಾದ ಗುರುಪರಂಪರೆಯಿದೆ.

2008ರ ಜುಲೈನಲ್ಲಿ ಎನ್‌ವಿಡಿಯಾ ಕಂಪನಿ ಅಮೆರಿಕದ ಷೇರುಪೇಟೆಯ ನಿಯಂತ್ರಕರಿಗೆ ಒಂದು ವರದಿ ಒಪ್ಪಿಸಿತು. ನಮ್ಮ ಗ್ರಾಫಿಕ್ಸ್ ಚಿಪ್ ಹಾಕಿದ ಲ್ಯಾಪ್‌ಟಾಪುಗಳು ಕೆಡುತ್ತಿವೆ, ಅದರ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ತೆಗೆದಿಡುತ್ತಿದ್ದೇವೆ ಅಂತ. ಮೂಲ ಕಾರಣ ಇನ್ನೂ ಸಿಕ್ಕಿಲ್ಲ, ಆದರೆ ಮೂರು ಅನುಮಾನಗಳಿವೆ. ಒಂದು, ಚಿಪ್ಪಿನ ಪ್ಯಾಕೇಜಿಗೆ ಬಳಸಿದ ವಸ್ತು ದುರ್ಬಲ. ಎರಡು, ಲ್ಯಾಪ್‌ಟಾಪಿನೊಳಗೆ ಬಿಸಿ ಹೊರಹೋಗುವ ಏರ್ಪಾಡು. ಮೂರನೆಯದು ಗ್ರಾಹಕರ ಬಳಕೆಯ ರೀತಿ.

ಬಳಕೆಯ ರೀತಿ! ಜನ ಅದರಲ್ಲಿ ಚಪಾತಿ ಬೇಯಿಸುತ್ತಿರಲಿಲ್ಲ. ಆನ್ ಮಾಡುತ್ತಿದ್ದರು, ಕೆಲಸ ಮುಗಿದ ಮೇಲೆ ಆಫ್ ಮಾಡುತ್ತಿದ್ದರು. ಆನ್ ಆದರೆ ಚಿಪ್ ಕಾಯುತ್ತದೆ, ಆಫ್ ಆದರೆ ತಣಿಯುತ್ತದೆ. ಹೀಗೆ ಕಾದು ತಣಿದು, ಹಿಗ್ಗಿ ಕುಗ್ಗಿ, ಅದರಡಿಯ ಬೆಸುಗೆಯ ಗುಳ್ಳೆಗಳು ಬಿರುಕು ಬಿಡುತ್ತಿದ್ದವು. ಅಂದರೆ ಆನ್ ಮಾಡಿದವನೂ ಪಾಪಿ, ಆಫ್ ಮಾಡಿದವನೂ ಪಾಪಿ. ಡಬ್ಬ ಒಡೆಯದೆ ಅಟ್ಟದ ಮೇಲಿಟ್ಟು, ಆಯುಧಪೂಜೆಯ ದಿನ ಇಳಿಸಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಹಿಂಡಿ ಮತ್ತೆ ಮೇಲಿಟ್ಟವನೊಬ್ಬನೇ ಆದರ್ಶ ಗ್ರಾಹಕ.

ಪರಿಹಾರ ಇನ್ನೂ ಸೊಗಸಾಗಿತ್ತು. ಆ ಚಿಪ್ ಹಾಕಿ ಲ್ಯಾಪ್‌ಟಾಪ್ ಮಾರಿದ್ದ ಡೆಲ್, ಎಚ್‌ಪಿ ಕಂಪನಿಗಳು ಹೊಸ ಬಯೋಸ್ ಕೊಟ್ಟವು, ಅಂದರೆ ಯಂತ್ರದ ಬುಡದಲ್ಲಿ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್. ಹಾಕಿಕೊಂಡರೆ ಫ್ಯಾನ್ ಮೊದಲಿಗಿಂತ ಹೆಚ್ಚು ಹೊತ್ತು ತಿರುಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೆಸುಗೆಯ ಬಿರುಕು ಬಯೋಸ್‌ನಿಂದ ಕೂಡೀತೇ? ವಾರಂಟಿ ಮುಗಿಯುವ ತನಕ ರೋಗಿಗೆ ಗಾಳಿ ಬೀಸುತ್ತಿರಿ ಅಂತ ಅದರ ತಾತ್ಪರ್ಯ. ಅಷ್ಟರಲ್ಲಿ ಬಳಕೆದಾರರು ತಮ್ಮದೇ ವೈದ್ಯ ಹುಡುಕಿಕೊಂಡಿದ್ದರು. ಮದರ್‌ಬೋರ್ಡ್ ಬಿಚ್ಚಿ, ಕೇಕ್ ಮಾಡುವ ಓವನ್ನಿನಲ್ಲಿ ಕೆಲವು ನಿಮಿಷ ಬೇಯಿಸುವುದು. ತಮಾಷೆಯೆಂದರೆ, ಕೆಲವಕ್ಕೆ ಜೀವವೂ ಬರುತ್ತಿತ್ತು, ಸ್ವಲ್ಪ ದಿನದ ಮಟ್ಟಿಗೆ. ಕೊನೆಗೆ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ 2010ರಲ್ಲಿ ರಾಜಿಯಾಯಿತು. ದುಬಾರಿ ಎಚ್‌ಪಿ ಲ್ಯಾಪ್‌ಟಾಪ್ ಕೊಂಡಿದ್ದವರ ಕೈಗೂ ಅದೇ ಕಂಪನಿಯ ಕಾಂಪ್ಯಾಕ್ ಎಂಬ ಅಗ್ಗದ ಲ್ಯಾಪ್‌ಟಾಪೊಂದು ಬಂತು. ಕಳೆದುಕೊಂಡಿದ್ದು ರೇಷ್ಮೆ ಸೀರೆ, ಸಿಕ್ಕಿದ್ದು ಸೀರೆಯೇ ತಾನೇ, ಇನ್ನೇನು ಬೇಕು?

ಆಪಲ್‌ನವರು ಈ ಕಲೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದರು. 2015ರಲ್ಲಿ 12 ಇಂಚಿನ ಮ್ಯಾಕ್‌ಬುಕ್ಕಿನಲ್ಲಿ 'ಬಟರ್‌ಫ್ಲೈ' ಕೀಬೋರ್ಡ್ ಬಂತು, ಹಳೆಯದಕ್ಕಿಂತ ಶೇ 40ರಷ್ಟು ತೆಳು ಎಂಬ ಹೊಗಳಿಕೆಯ ಸಮೇತ. ಕೀಲಿಯಡಿ ಒಂದು ಧೂಳಿನ ಕಣ ಹೊಕ್ಕರೆ ಸಾಕು, ಚಿಟ್ಟೆ ಅಂಗಾತ. ಒಂದು ಸಲ ಒತ್ತಿದರೆ ಅಕ್ಷರ ಎರಡು ಸಲ ಬೀಳುವುದು, ಇಲ್ಲವೇ ಬೀಳದೇ ಇರುವುದು. ಕೀಬೋರ್ಡು ಮೇಲಿನ ಕವಚಕ್ಕೇ ರಿವೆಟ್ ಹೊಡೆದು ಕೂತಿದ್ದರಿಂದ, ಒಂದು ಕೀಲಿ ಕೆಟ್ಟರೆ ಬ್ಯಾಟರಿ ಸಮೇತ ಅರ್ಧ ಲ್ಯಾಪ್‌ಟಾಪನ್ನೇ ಬದಲಾಯಿಸಬೇಕು.

ಅದಕ್ಕೆ ಕಂಪನಿ ಒಂದು ಪೂಜಾವಿಧಾನ ಹೇಳಿಕೊಟ್ಟಿತು. ಲ್ಯಾಪ್‌ಟಾಪನ್ನು 75 ಡಿಗ್ರಿ ಕೋನದಲ್ಲಿ ಹಿಡಿಯತಕ್ಕದ್ದು. ಡಬ್ಬಿಯ ಗಾಳಿಯನ್ನು ಎಡದಿಂದ ಬಲಕ್ಕೆ ಊದತಕ್ಕದ್ದು. ಬಲಕ್ಕೆ ವಾಲಿಸಿ ಮತ್ತೊಮ್ಮೆ, ಎಡಕ್ಕೆ ವಾಲಿಸಿ ಮಗದೊಮ್ಮೆ. ತುಳಸಿ, ಗಂಧ, ಅಕ್ಷತೆ ಮಾತ್ರ ಬಾಕಿ. ಎಪ್ಪತ್ತೈದು ಅಂದರೆ ಎಪ್ಪತ್ತೈದೇ. ಮಗಳ ಕಂಪಾಸ್ ಬಾಕ್ಸಿನಿಂದ ಕೋನಮಾಪಕ ತಂದಿಟ್ಟು ನೋಡಿದರೆ ಎಪ್ಪತ್ತು ಬಂತೆನ್ನಿ, ಕೀಲಿ ಕೆಟ್ಟದ್ದಕ್ಕೆ ಹೊಣೆ ಯಾರು? ನೀವೇ.

2018ರ ಜೂನ್‌ನಲ್ಲಿ ಉಚಿತ ರಿಪೇರಿ ಘೋಷಣೆಯಾಯಿತು. ಕೆಡುತ್ತಿರುವುದು 'ಸಣ್ಣ ಪ್ರಮಾಣದಲ್ಲಿ' ಮಾತ್ರ ಎಂಬ ಸಮಾಧಾನವೂ ಜೊತೆಗಿತ್ತು. ನನಗೆ ಅತ್ಯಂತ ಇಷ್ಟವಾದ ಅಧ್ಯಾಯ ಅದರ ಮರುವರ್ಷದ್ದು. 2019ರ ಮೇ ತಿಂಗಳಲ್ಲಿ, ಕೀಬೋರ್ಡ್ ಸುಧಾರಿಸಿದ್ದೇವೆ ಅಂತ ಹೊಸ ಮ್ಯಾಕ್‌ಬುಕ್ ಪ್ರೊ ಬಿಡುಗಡೆ ಮಾಡಿದ ದಿನವೇ ಅದನ್ನೂ ಕೆಟ್ಟ ಕೀಬೋರ್ಡುಗಳ ಉಚಿತ ರಿಪೇರಿ ಪಟ್ಟಿಗೆ ಸೇರಿಸಿದರು. ನಾಮಕರಣದ ತೊಟ್ಟಿಲ ಪಕ್ಕದಲ್ಲೇ ಆ್ಯಂಬುಲೆನ್ಸ್ ನಿಲ್ಲಿಸಿದಂತೆ.

ಆಮೇಲೆ ಮೊಕದ್ದಮೆ. 2022ರಲ್ಲಿ 5 ಕೋಟಿ ಡಾಲರ್ ಕೊಡಲು ಕಂಪನಿ ಒಪ್ಪಿತು, ತಪ್ಪು ಮಾತ್ರ ಒಪ್ಪಲಿಲ್ಲ. ಪದೇ ಪದೇ ರಿಪೇರಿ ಮಾಡಿಸಿದವರಿಗೆ 395 ಡಾಲರ್‌ವರೆಗೆ, ಕೀಲಿಯ ಟೋಪಿಯಷ್ಟೇ ಬದಲಾಯಿಸಿಕೊಂಡವರಿಗೆ 50ರವರೆಗೆ. ಅದೂ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಮೊದಲಾದ ಏಳು ರಾಜ್ಯಗಳವರಿಗೆ ಮಾತ್ರ. ಅಲ್ಲಿನ ಧೂಳಿಗೆ ಕಾನೂನಿನ ಮಾನ್ಯತೆ ಇದೆ. ವರ್ಷಗಟ್ಟಲೆ ಮೆಟ್ರೊ ಕಾಮಗಾರಿಯಿಂದ ಹದವಾಗಿ ಮಾಗಿದ ನಮ್ಮ ಔಟರ್ ರಿಂಗ್ ರೋಡಿನ ಧೂಳಿಗೆ ಇಲ್ಲ. ಧೂಳಿಗೂ ವೀಸಾ ಬೇಕು.

ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದ ಹೊಣೆಗೇ ಒಂದು ಅಧ್ಯಾಯವಿದೆ. ತಯಾರಿಸಿದವರು, ಮಾರಿದವರು, ಸರ್ವೀಸ್ ಕೊಟ್ಟವರು, ಮೂವರೂ ಹೊಣೆ ಹೊರಬೇಕಾದೀತು. 2022ರ ಡಿಸೆಂಬರಿನಲ್ಲಿ 'ರಿಪೇರಿಯ ಹಕ್ಕು' ಅಂತ ಕೇಂದ್ರ ಸರ್ಕಾರದ ಪೋರ್ಟಲ್ಲೂ ಬಂತು. ಮೂವರು ಹೊಣೆಗಾರರಲ್ಲಿ ನಾನು ಮೂವರನ್ನೂ ಮಾತಾಡಿಸಿದೆ. ಮಾರಿದವನು "ಬ್ರ್ಯಾಂಡ್‌ನವರನ್ನ ಕೇಳಿ" ಅಂದ. ಬ್ರ್ಯಾಂಡಿನ ಸಹಾಯವಾಣಿ "ಆಥರೈಸ್ಡ್ ಸೆಂಟರ್ ರಿಪೋರ್ಟೇ ಫೈನಲ್" ಅಂತು. ಸೆಂಟರ್‌ನವನು "ನಾವು ಬರೀ ಫ್ರಾಂಚೈಸಿ ಸರ್, ಬ್ರ್ಯಾಂಡ್‌ಗೆ ಮೇಲ್ ಹಾಕಿ" ಅಂದ. ದೂರು ಕೊಡಬಹುದಿತ್ತು, ಹೌದು. ಆದರೆ ಸೋಮವಾರ ಆಫೀಸಿಗೆ ಲ್ಯಾಪ್‌ಟಾಪ್ ಬೇಕಿತ್ತು.

ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋದೆ. ಮೊದಲ ಮಹಡಿ, 'ಚಿಪ್ ಲೆವೆಲ್ ಸರ್ವೀಸ್' ಬೋರ್ಡು, ಇಬ್ಬರು ನಿಂತರೆ ಮೂರನೆಯವನು ಮೆಟ್ಟಿಲ ಮೇಲೆ. ಅಂಗಡಿಯವನು ಲ್ಯಾಪ್‌ಟಾಪನ್ನು ನಾನು ಬ್ಯಾಗಿನಿಂದ ಪೂರ್ತಿ ತೆಗೆಯುವ ಮೊದಲೇ, "ಎಡಗಡೆ ಹಿಂಜಾ?" ಅಂದ.

"ಹೆಂಗೆ ಗೊತ್ತಾಯ್ತು?"

ಅವನು ಕಾಲಿನಿಂದಲೇ ಒಂದು ಬಿಸ್ಕತ್ ಡಬ್ಬ ಮುಂದೆ ತಳ್ಳಿದ. ಒಳಗೆ ಮುರಿದ ಹಿಂಜುಗಳು, ಎಲ್ಲ ಒಂದೇ ಮಾಡೆಲ್ಲಿನವು, ಎಲ್ಲ ಎಡಗಡೆಯವು. ಡಬ್ಬದ ತುಂಬ ಫಸ್ಟ್ ಕೇಸುಗಳು.

ಡ್ರಿಲ್ ಹಿಡಿದು ಮುಚ್ಚಳದ ಆಚೆಗೇ ಎರಡು ತೂತು ಕೊರೆದ, ಬೋಲ್ಟ್ ತೂರಿಸಿ ನಟ್ ಬಿಗಿದ. ಇಪ್ಪತ್ತು ನಿಮಿಷ, ನಾನೂರು ರೂಪಾಯಿ. ಲ್ಯಾಪ್‌ಟಾಪ್ ಈಗ ಗ್ಯಾರೇಜಿನಿಂದ ಬಂದ ಹಳೇ ಆಟೋದ ಹಾಗೆ ಕಾಣುತ್ತದೆ. ಹಿಂಜ್ ಅಲುಗಿಲ್ಲ.

ಮೊನ್ನೆ ಸರ್ವೀಸ್ ಸೆಂಟರಿನ ಪರವಾಗಿ ಒಬ್ಬ ಹುಡುಗಿ ಫೋನ್ ಮಾಡಿ, ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಕೊಡ್ತೀರಿ ಸರ್ ಅಂತ ಕೇಳಿದಳು. ಸೊನ್ನೆ ಅಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ದನಿ ತಗ್ಗಿಸಿ, "ಸರ್, ಎಂಟಕ್ಕಿಂತ ಕಮ್ಮಿ ಆದ್ರೆ ಕೌಂಟರ್‌ನಲ್ಲಿರೋ ಹುಡುಗನ ಇನ್ಸೆಂಟಿವ್ ಕಟ್ ಮಾಡ್ತಾರೆ" ಅಂದಳು.

ಹತ್ತು ಕೊಟ್ಟೆ.